ಒಟಿಜಿ ಓವನ್‌ನಲ್ಲಿ ಕೇಕ್ ಮೇಲೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುವುದೇಕೆ?

ಒಟಿಜಿಯ (ಓವನ್, ಟೋಸ್ಟರ್, ಗ್ರಿಲ್ಲರ್ ಮೂರೂ ಒಂದಾಗಿರುವ ವಿದ್ಯುತ್ ಒಲೆಯ) ಗುಂಡಿಯನ್ನು 180 ಡಿಗ್ರಿಗೆ ತಿರುಗಿಸಿದರೂ ರಾಗಿ ಕೇಕಿನ ಮೇಲ್ಭಾಗ ಕಪ್ಪಾಗಿ, ನಡುಭಾಗ ಹಸಿಯಾಗಿಯೇ ಉಳಿಯುತ್ತದೆ ಎಂದು ಕೇಳಿದ್ದೀರಿ. ತಪ್ಪು ಬಹುಮಟ್ಟಿಗೆ ಹಿಟ್ಟಿನದಲ್ಲ, ಗುಂಡಿಯದು. ಅದರ ಮೇಲಿನ ಅಂಕಿ ಅಂದಾಜು ಮಾತ್ರ. ಬಿಸಿಯನ್ನು ಹಿಡಿತದಲ್ಲಿಡುವ ಥರ್ಮೋಸ್ಟಾಟ್, ಶಾಖ ಕೊಡುವ ಕಾಯಿಲ್‌ಗಳನ್ನು ಆರಿಸುತ್ತ, ಮತ್ತೆ ಹೊತ್ತಿಸುತ್ತ ಇರುವುದರಿಂದ ಒಳಗಿನ ಶಾಖ ಸದಾ ಏರಿಳಿಯುತ್ತದೆ, ಮನೆಯ ಓವನ್‌ಗಳಲ್ಲಿ 15–20 ಡಿಗ್ರಿಯ ವ್ಯತ್ಯಾಸ ಅಪರೂಪವೇನಲ್ಲ.

ಆದ್ದರಿಂದ ಓವನ್ ಥರ್ಮಾಮೀಟರೊಂದನ್ನು ಕೊಂಡು, ಕೇಕಿನ ಪಾತ್ರೆ ಇಡುವ ಜಾಗದಲ್ಲೇ ಅದನ್ನಿಟ್ಟು, 20 ನಿಮಿಷ ಕಾಯಿಸಿದ ಮೇಲೆ ಬಾಗಿಲು ತೆರೆಯದೆ ಗಾಜಿನ ಮೂಲಕವೇ ಐದೈದು ನಿಮಿಷಕ್ಕೊಮ್ಮೆ ನಾಲ್ಕು ಸಲ ನೋಡಿ ಸರಾಸರಿ ತೆಗೆಯಿರಿ. ತುಮಕೂರಿನ ನಮ್ಮ ಮನೆಯ ಓವನ್ 180ಕ್ಕೆ ಇಟ್ಟಾಗ 200 ತೋರಿಸಿತು. ಅಂದಿನಿಂದ ಗುಂಡಿಯ 160ರ ಗೆರೆಯ ಪಕ್ಕದಲ್ಲಿ ಪೆನ್ಸಿಲಿನಿಂದ ‘180’ ಎಂದು ಬರೆದುಕೊಂಡಿದ್ದೇನೆ. ನೋಡಲು ಚೆಂದವಿಲ್ಲ, ಆದರೆ ಕೇಕ್ ಸೀಯುವುದು ನಿಂತಿದೆ.

ಚಿಕ್ಕ ಒಟಿಜಿಗಳಲ್ಲಿ ಮೇಲಿನ ಕಾಯಿಲ್ ಕೇಕಿಗೆ ತೀರ ಹತ್ತಿರವಿರುತ್ತದೆ. ಪಾತ್ರೆಯನ್ನು ಕೆಳಗಿನ ಸಾಲಿಗೆ ಇಳಿಸಿ, ಮೇಲ್ಭಾಗ ಕಂದುಬಣ್ಣಕ್ಕೆ ತಿರುಗಿದೊಡನೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಹೊದಿಸಿ.

ವೋಲ್ಟೇಜನ್ನೂ ಗಮನಿಸಬೇಕು. ಬೇಸಿಗೆಯ ಸಂಜೆ ಅದು 230ರಿಂದ 200ಕ್ಕೆ ಇಳಿದರೆ ಕಾಯಿಲ್‌ನ ಶಕ್ತಿ ಹೆಚ್ಚುಕಡಿಮೆ ಕಾಲುಭಾಗ ಕುಗ್ಗುವುದರಿಂದ ಓವನ್ ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅಂಥ ದಿನ ಗಡಿಯಾರವನ್ನು ನಂಬದೆ, ಥರ್ಮಾಮೀಟರಿನ ಮುಳ್ಳು ಬೇಕಾದ ಅಂಕಿ ಮುಟ್ಟಿದ ಮೇಲೆಯೇ ಪಾತ್ರೆಯನ್ನು ಒಳಗಿಡಿ.