ಮನೋವೈದ್ಯರಾಗಿದ್ದುಕೊಂಡು ಬರವಣಿಗೆಗೆ ಟೈಮ್ ಹೇಗೆ ಹೊಂದಿಸೋದು?

ಆಸ್ಪತ್ರೆ, ಮನೆ, ಕತೆ ಬರೆಯೋದು, ಮೂರಕ್ಕೂ ಗಂಟೆ ಹೇಗೆ ಹಂಚಲಿ ಅಂತ ಕೇಳಿದ್ದೀರಿ. ನಾನೂ ಮನೋವೈದ್ಯ, ಕತೆ ಬರೆಯುವವನು. ಟೈಮ್‌ಟೇಬಲ್ ಮಾಡಿ ಗೋಡೆಗೆ ಅಂಟಿಸಿದವನೂ ಹೌದು. ಅದು ಚೆನ್ನಾಗಿಯೇ ನಡೆಯುತ್ತಿತ್ತು. ನನ್ನನ್ನು ಕೆಡಿಸಿದ್ದು ಬೇರೆ.

ಆಗ ಓಪಿಡಿ ಮೇಜಿನ ಮೇಲೆ, ಕೇಸ್ ಶೀಟಿನ ಪಕ್ಕ, ಒಂದು ಸಣ್ಣ ಡೈರಿ ಇಟ್ಟುಕೊಳ್ಳುತ್ತಿದ್ದೆ. ಯಾರಾದರೂ ಒಳ್ಳೆ ಮಾತು ಆಡಿದರೆ ಮರೆಯುವ ಮೊದಲೇ ಗೀಚಿಕೊಳ್ಳೋದು. ರಾತ್ರಿ ಕೂತು ನೆನಪು ಮಾಡಿಕೊಳ್ಳುವ ಕೆಲಸ ಇಲ್ಲ, ಟೈಮ್ ಉಳಿಯುತ್ತೆ ಅನ್ನೋ ಲೆಕ್ಕ.

ಮನಸ್ಸು ಒಮ್ಮೆ ವಿಪರೀತ ಉಬ್ಬಿ ಇನ್ನೊಮ್ಮೆ ಕುಸಿಯುವ ಬೈಪೋಲಾರ್ ಕಾಯಿಲೆಗೆ, ಅದನ್ನು ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆಯನ್ನು ಬಹಳ ಕಾಲದಿಂದ ತಗೊಳ್ಳುತ್ತಿದ್ದವರೊಬ್ಬರು ಬಂದರು. (ಗುರುತು ಸಿಗುವ ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.) ಕೂತವರೇ ನಕ್ಕು, "ಬ್ಯಾಂಕಲ್ಲಿ ನನ್ನ ಸಹಿ ನನ್ನದಲ್ಲ ಅಂದುಬಿಟ್ಟರು ಡಾಕ್ಟ್ರೇ" ಅಂದರು. ಕೈ ನಡುಗಿ ಸಹಿ ಸೊಟ್ಟಗಾಗಿತ್ತಂತೆ. ಎಂಥಾ ಸಾಲು! ಕೈ ತಾನಾಗಿ ಡೈರಿಗೆ ಹೋಯಿತು. ಬರೆದುಕೊಂಡೆ, ಕೆಳಗೆ ಗೆರೆ ಬೇರೆ ಎಳೆದೆ. ಆಮೇಲೆ ನಿದ್ದೆ ಹೇಗಿದೆ, ಮೂಡ್ ಹೇಗಿದೆ ಅಂತ ಕೇಳಿ, ಅದೇ ಮಾತ್ರೆ ಮುಂದುವರಿಸಿ ಅಂತ ಕಳಿಸಿದೆ.

ಇಲ್ಲಿ ಆದದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಲಿಥಿಯಂ ತಗೊಳ್ಳುವವರಲ್ಲಿ ಬೆರಳು ಸಣ್ಣಗೆ ನಡುಗೋದು ಮಾಮೂಲು. ನೋಡಿ ನೋಡಿ ನಮಗೂ ಒಗ್ಗಿಹೋಗಿರುತ್ತೆ. ಆದರೆ ಸಹಿ ಹಾಕೋಕೂ ಆಗದಷ್ಟು ನಡುಕ ಜಾಸ್ತಿಯಾದರೆ, ಜೊತೆಗೆ ವಾಂತಿ, ಭೇದಿ, ನಡಿಗೆಯಲ್ಲಿ ತೂರಾಟ ಇದ್ದರೆ, ರಕ್ತದಲ್ಲಿ ಲಿಥಿಯಂ ಏರಿದೆಯಾ ಅಂತ ಆಗಲೇ ನೋಡಬೇಕು. ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು. 1.5 ದಾಟಿದರೆ ಅಪಾಯ. ಯಾವಾಗಿಂದ ಜಾಸ್ತಿಯಾಯ್ತು, ಬೇರೆ ಮಾತ್ರೆ ಏನಾದರೂ ಶುರು ಮಾಡಿದ್ರಾ ಅಂತ ಕೇಳಿದ್ದರೆ ಸಾಕಿತ್ತು. ಮಂಡಿನೋವಿಗೆ ಐಬುಪ್ರೊಫೆನ್ ನುಂಗುತ್ತಿದ್ದರು. ಅಂಥ ನೋವಿನ ಮಾತ್ರೆ ತಗೊಂಡರೆ ಕಿಡ್ನಿ ಲಿಥಿಯಂ ಹೊರಹಾಕೋದು ಕಡಿಮೆಯಾಗುತ್ತೆ. ಜೂನಿಯರ್‌ಗಳಿಗೆ ನಾನೇ ಕೇಳುವ ಪ್ರಶ್ನೆ ಇದು! ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಸುಸ್ತಾಗಿತ್ತು ಅನ್ನೋ ಹಾಗೂ ಇಲ್ಲ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದೆ. ಅವರ ಮಾತು ಕಿವಿಗೆ ಬಿದ್ದ ತಕ್ಷಣ ಕತೆಯಾಗಿಹೋಯಿತು. ಆಮೇಲೆ ಅದನ್ನು ರೋಗಲಕ್ಷಣ ಅಂತ ನೋಡೋಕೆ ತೋಚಲೇ ಇಲ್ಲ.

ಕೆಲವೇ ದಿನಕ್ಕೆ ಆಸ್ಪತ್ರೆ ಸೇರಿದರು. ಲಿಥಿಯಂ 2 ದಾಟಿತ್ತು. ಪುಣ್ಯಕ್ಕೆ ಹುಷಾರಾದರು. ಅವರ ಹೆಂಡತಿ ನನ್ನನ್ನು ಕೇಳಿದ್ದು ಇಷ್ಟೇ: "ಕೈ ನಡುಗೋದು ಹೇಳಿದೆ, ಡಾಕ್ಟ್ರು ಬರ್ಕೊಂಡ್ರು ಅಂದಿದ್ರಲ್ಲ ಇವರು?" ಬರ್ಕೊಂಡಿದ್ದೆ, ಹೌದು. ಅದನ್ನು ನೋಡಿಯೇ ಅವರು ಧೈರ್ಯವಾಗಿ ಮನೆಗೆ ಹೋಗಿದ್ದರು. ಮುಂದೆ ಬೇರೆ ಡಾಕ್ಟರಿಗೆ ತೋರಿಸಿಕೊಂಡರು.

ಹಾಗಾಗಿ ಗಂಟೆ ಹಂಚುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಗಂಟೆ ಹೇಗಾದರೂ ಸಿಗುತ್ತೆ. ಡೈರಿ ಮಾತ್ರ ಆ ಕೋಣೆಯೊಳಗೆ ಬರಬಾರದು. ಇವತ್ತು ಕೇಳಿದ್ದನ್ನು ಇವತ್ತೇ ಬರೆಯಬೇಡಿ. ಮರೆತುಹೋದರೆ ಹೋಗಲಿ ಬಿಡಿ. ಬರೆಯೋದೇ ಆದರೆ "ಹೆಸರು ಬದಲಿಸಿದ್ದೀನಲ್ಲ" ಅನ್ನೋ ನೆಪ ಬೇಡ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಫೋಟೊದಲ್ಲಿ ಕಣ್ಣಿಗೆ ಪಟ್ಟಿ ಹಾಕಿದರೂ ಸಾಲದು, ಗುರುತು ಸಿಗುವ ಅನುಮಾನ ಇದ್ದರೆ ಒಪ್ಪಿಗೆ ಬೇಕು ಅನ್ನುತ್ತೆ. ಕತೆಗಾರರಿಗೆ ಮಾತ್ರ ಯಾಕೆ ವಿನಾಯಿತಿ? ಅದರಲ್ಲೂ ಇನ್ನೂ ನಿಮ್ಮ ಹತ್ತಿರವೇ ಚಿಕಿತ್ಸೆ ಪಡೆಯುತ್ತಿರುವವರನ್ನು ಒಪ್ಪಿಗೆ ಕೇಳಲೇಬೇಡಿ. ಡಾಕ್ಟರಿಗೆ ಆಗಲ್ಲ ಅನ್ನೋಕೆ ಅವರಿಗೆ ಬಾಯಿ ಬರಲ್ಲ.

ಮನೆಯವರ ಬಗ್ಗೆಯೂ ಕೇಳಿದ್ದೀರಿ. ಬೆಳಿಗ್ಗೆ ಬರೆಯಿರಿ, ಸಂಜೆ ಬೇಡ. ಸಂಜೆ ಬರೆದರೆ ಊಟಕ್ಕೆ ಕೂತಾಗಲೂ ಪಾತ್ರಗಳ ಜೊತೆಗೇ ಇರುತ್ತೀರಿ, ಮಗು ಭುಜ ಅಲುಗಾಡಿಸಿದ ಮೇಲೆ ತಿರುಗುತ್ತೀರಿ. ನಾನೀಗ ಓಪಿಡಿಗೆ ಹೊರಡುವ ಮೊದಲು ಬರೆಯುತ್ತೇನೆ. ವರ್ಷಕ್ಕೆ ಎರಡೋ ಮೂರೋ ಕತೆ ಆಗುತ್ತೆ. ಮೊದಲು ಇದಕ್ಕಿಂತ ಜಾಸ್ತಿ ಬರೆಯುತ್ತಿದ್ದೆ.