ಹೊಳಲ್ಕೆರೆ ತಮ್ಮನಿಗೆ ಉತ್ತರ: ಅದಿರು ಮಾರಬ್ಯಾಡ, ಮೊದ್ಲು ಕೋಲ್ ಎಣಿಸು

ತಮ್ಮಾ, ನಿನ್ನ ಸ್ಕ್ರೀನ್‌ಶಾಟ್ ನೋಡಿದ ಮೇಲೆ ಬರೀದೆ ಇರೋಕಾಗ್ಲಿಲ್ಲ. ಸ್ಟಾರ್‌ಡ್ಯೂ ವ್ಯಾಲಿ, ನಾವೆಲ್ಲ ಆಡೋ ಹೊಲ-ಗಣಿ ಆಟ. ಅದರಲ್ಲಿ ನಿಂದು ಮೊದಲನೇ ವರ್ಷ, ಸಮ್ಮರ್ 12, ಬೆಳಿಗ್ಗೆ ಹತ್ತೂ ಇಪ್ಪತ್ತು. ಗಣಿಯಲ್ಲಿ 47ನೇ ಮಹಡಿ ಮುಟ್ಟಿದೀಯ. ಪೆಟ್ಟಿಗೆಯಲ್ಲಿ 300 ತಾಮ್ರದ ಅದಿರು, 140 ಕಬ್ಬಿಣದ್ದು. ಮನೆ ಮುಂದೆ ಸಾಲಾಗಿ ಎಂಟು ಫರ್ನೇಸ್ (ಅದಿರು ಕರಗಿಸಿ ಲೋಹದ ಬಾರ್ ಮಾಡೋ ಕುಲುಮೆ), ಎಂಟೂ ತಣ್ಣಗೆ ಕೂತಾವೆ. ಅದನ್ನ ಉರಿಸೋ ಕೋಲ್, ಅಂದ್ರೆ ಕಲ್ಲಿದ್ದಲು, ಮೂರೇ ಮೂರು. ಮೊನ್ನೆ ಆಟದ ಊರಿನ ಕಮ್ಮಾರ ಕ್ಲಿಂಟ್ ಹತ್ರ 30 ಕೋಲ್‌ಗೆ ಆಟದ ದುಡ್ಡು 4,500 ಸುರಿದು ಅದೂ ಮುಗೀತು, ಈಗ ಕಬ್ಬಿಣದ ಅದಿರು ಮಾರಿ ಇನ್ನಷ್ಟು ಕೋಲ್ ತರ್ಲಾ ಅಂತ ಕೇಳ್ತಿದೀಯ.

ಬ್ಯಾಡ. ಕಬ್ಬಿಣದ ಅದಿರು ಮಾರಿದ್ರೆ ಒಂದಕ್ಕೆ 10 ಸಿಗುತ್ತೆ. ಅದೇ ಅದಿರು ನಾಳೆ ನಿಂಗೆ ಬೇಕಾದ್ರೆ ಕ್ಲಿಂಟ್ 150 ತಗೋತಾನೆ. 140 ಪೂರ್ತಿ ಮಾರಿದ್ರೂ 1,400 ಆತು, ಅದಕ್ಕೆ ಒಂಬತ್ತು ಕೋಲ್. ಒಂಬತ್ತು ಕೋಲ್‌ಗಾಗಿ 28 ಬಾರ್ ಆಗೋ ಅದಿರು ಕಳ್ಕೊಂತೀಯ.

ಈ ಗುಂಪಲ್ಲಿ ಮೇಲೆ ಇಬ್ಬರು ಅಣ್ಣಂದಿರು "ಇನ್ನೂ ನಾಲ್ಕು ಫರ್ನೇಸ್ ಹಾಕು, ಬೇಗ ಆಗುತ್ತೆ" ಅಂತ ಬರ್ದಾರೆ. ಹುಡುಗನ ಪೆಟ್ಟಿಗೆ ನೋಡಿ ಹೇಳ್ರಿ ಅಣ್ಣಾ. ಉರಿಸೋಕೆ ಮೂರು ಕೋಲ್ ಇರೋನಿಗೆ ಹನ್ನೆರಡು ಫರ್ನೇಸ್ ಯಾಕೆ? ಒಂದು ಫರ್ನೇಸ್‌ಗೆ 20 ತಾಮ್ರದ ಅದಿರು, 25 ಕಲ್ಲು ಹೋಗುತ್ತೆ. ಎಂಟಕ್ಕೆ 160 ಅದಿರು, ಅಂದ್ರೆ 32 ತಾಮ್ರದ ಬಾರ್ ಆಗ್ಲೇ ಅಂಗಳದಲ್ಲಿ ಸುಮ್ನೆ ಕೂತಿದೆ.

ನಾನೂ ಇದನ್ನೇ ಮಾಡಿದ್ದೆ, ಅದಕ್ಕೇ ಇಷ್ಟು ಹೊಟ್ಟೆ ಉರೀತೈತೆ. ನನ್ನ ಮೊದಲನೇ ಸೇವ್‌ನಲ್ಲಿ ಸಮ್ಮರ್ 1ನೇ ತಾರೀಕು ಬೆಳಿಗ್ಗೆ ಕೈಯಲ್ಲಿ ಆರು ಸಾವಿರ ಚಿಲ್ಲರೆ ಇತ್ತು. ಪಿಯರ್‌ನ ಬೀಜದ ಅಂಗಡಿಗೆ ಹೋಗೋದು ಬಿಟ್ಟು ನೆಟ್ಟಗೆ ಕ್ಲಿಂಟ್ ಹತ್ರ ಹೋಗಿ 40 ಕೋಲ್ ತಂದೆ. ಲೆಕ್ಕ ಹಾಕಿದ್ದು ಎಷ್ಟೋ ದಿನ ಆದ ಮೇಲೆ. ಬ್ಲೂಬೆರಿ ಬೀಜ 80. ಆರು ಸಾವಿರಕ್ಕೆ 75 ಬೀಜ. 1ನೇ ತಾರೀಕು ಹಾಕಿದ್ರೆ 14, 18, 22, 26ಕ್ಕೆ ನಾಲ್ಕು ಕುಯ್ಲು, ಪ್ರತಿ ಸಲ ಗಿಡಕ್ಕೆ ಮೂರು ಹಣ್ಣು, ಹಣ್ಣಿಗೆ 50. ನಲವತ್ತೈದು ಸಾವಿರ ಆಗ್ತಿತ್ತು. ಒಂದು ದಿನವೂ ನೀರು ತಪ್ಪಬಾರದು ಅನ್ನೋದು ನಿಜ, ಆದ್ರೂ ನಲವತ್ತೈದು ಸಾವಿರ! ಆ 40 ಕೋಲ್ ಎರಡೇ ದಿನದಲ್ಲಿ ಉರಿದು ಹೋತು, ಮೂರನೇ ದಿನ ಮತ್ತೆ ಫರ್ನೇಸ್ ತಣ್ಣಗೆ.

ನಮ್ಮದು ದಾವಣಗೆರೆ, ತಾತಂದು ಮಂಡಕ್ಕಿ ಭಟ್ಟಿ ಇತ್ತು. ಚಿಕ್ಕೋಳಿದ್ದಾಗ ಮಳೆಗಾಲದಲ್ಲಿ ಒಂದು ದಿನ ಅಕ್ಕಿಗೆ ಉಪ್ಪುನೀರು ಹಾಕಿ ಹದ ಮಾಡಿ ಆಗಿತ್ತು, ಆಳುಗಳು ಬಂದು ನಿಂತಿದ್ರು, ಆಮೇಲೆ ನೋಡಿದ್ರೆ ಹಿಂದಿನ ರಾತ್ರಿ ತಗಡು ಹಾರಿ ಹೊಟ್ಟಿನ ರಾಶಿ ಪೂರ್ತಿ ನೆಂದು ಮುದ್ದೆ ಆಗಿತ್ತು. ಒಲೆ ಬಾಯಿಗೆ ಎಷ್ಟು ಹಾಕಿದ್ರೂ ಬರೀ ಹೊಗೆ. ಮರಳು ಕಾಯ್ಲೇ ಇಲ್ಲ. ಆವತ್ತಿನ ಅಕ್ಕಿ ಹಾಳಾತು. ಅವತ್ತಿಂದ ತಾತ ಅಕ್ಕಿ ಮುಟ್ಟೋ ಮುಂಚೆ ಹೋಗಿ ಹೊಟ್ಟಿನ ರಾಶಿಯೊಳಗೆ ಮೊಣಕೈ ತನಕ ಕೈ ಹಾಕಿ ನೋಡ್ತಿದ್ರು, ಒಳಗೆ ಒಣಗೈತಾ ಅಂತ. ಇಷ್ಟು ನೋಡಿ ಬೆಳೆದೋಳು ಆಟದಲ್ಲಿ ಹೋಗಿ ಅದಿರು ರಾಶಿ ಹಾಕ್ಕೊಂಡು ಕೋಲ್ ಇಲ್ದೆ ಕೂತಿದ್ದೆ.

ಲೆಕ್ಕ ಸುಲಭ. ಐದು ಅದಿರಿಗೆ ಒಂದು ಕೋಲ್. ತಾಮ್ರ, ಕಬ್ಬಿಣ, ಚಿನ್ನ, ಇರಿಡಿಯಂ ಯಾವುದಾದ್ರೂ ಅಷ್ಟೇ. ಗಣಿಯಿಂದ ಬಂದ ತಕ್ಷಣ ಅದಿರನ್ನ ಐದರಿಂದ ಭಾಗಿಸು, ಅಷ್ಟು ಕೋಲ್ ಪೆಟ್ಟಿಗೆಯಲ್ಲಿ ಐತಾ ನೋಡು. ನಿಂಗೆ ಈಗ ತಾಮ್ರಕ್ಕೆ 60, ಕಬ್ಬಿಣಕ್ಕೆ 28, ಒಟ್ಟು 88 ಬೇಕು. ಇರೋದು 3. ಅಷ್ಟು ಹೊಂದೋ ತನಕ ಅದಿರಿಗೆ ಅಂತ ಗಣಿಗೆ ಇಳೀಬ್ಯಾಡ, ಕೋಲ್‌ಗೆ ಅಂತ ಇಳಿ. ಕ್ವಾರ್ಟ್ಜ್ ಕರಗಿಸೋಕೂ ಒಂದೊಂದು ಕೋಲ್ ಹೋಗುತ್ತೆ, ಅದನ್ನ ಎಲ್ರೂ ಮರೀತಾರೆ. ಫೈರ್ ಕ್ವಾರ್ಟ್ಜ್ ಸಿಕ್ರೆ ಅದನ್ನೇ ಹಾಕು, ಅದೇ ಒಂದು ಕೋಲ್‌ಗೆ ಮೂರು ರಿಫೈನ್ಡ್ ಕ್ವಾರ್ಟ್ಜ್ ಬರುತ್ತೆ.

ಕೋಲ್ ಎಲ್ಲಿ ಸಿಗುತ್ತೆ ಅಂದ್ರೆ, ನೀನು ಅದರ ಮೇಲೇ ನಿಂತಿದೀಯ. 41 ದಾಟಿದ ಮೇಲೆ ಆ ಕಪ್ಪು ಉಂಡೆ ಥರ ಪುಟಪುಟ ಕುಣ್ಕೊಂಡು ಬರ್ತಾವಲ್ಲ, ಡಸ್ಟ್ ಸ್ಪ್ರೈಟ್, ಅವುಗಳಿಂದ ಎರಡಕ್ಕೊಂದು ಸಲ ಕೋಲ್ ಬೀಳುತ್ತೆ. ಎಲ್ರೂ ಅವು ಕಂಡ್ರೆ ಕೆಳಗಿನ ಮಹಡಿಗೆ ಇಳಿಯೋ ಏಣಿ ಹುಡ್ಕೊಂಡು ಓಡ್ತಾರೆ. ನಾನು ಅವುಗಳಿಗೇ ಅಂತ ಹೋಗ್ತೀನಿ. ಲಿಫ್ಟ್‌ನಲ್ಲಿ 45ಕ್ಕೆ ಇಳಿ, ಸುತ್ತ ನೋಡು. ಕಪ್ಪು ಉಂಡೆ ಕಂಡ್ರೆ ಕತ್ತಿ ಬೀಸು, ಗುಂಪಾಗಿ ಬರುತ್ತೆ, ಗೋಡೆಗೆ ಬೆನ್ನು ಕೊಟ್ಟು ನಿಂತ್ಕೋ. ಕಾಣ್ಲಿಲ್ವಾ, ವಾಪಸ್ ಲಿಫ್ಟ್ ಹತ್ತಿ ಮೇಲೆ ಹೋಗಿ ಮತ್ತೆ 45ಕ್ಕೇ ಇಳಿ (ಮುಂದೆ 55 ತೆಗೆದ ಮೇಲೆ ಅಲ್ಲೂ ನೋಡ್ಬೋದು). ಮೇಲೆ ಹೋಗಿ ಮತ್ತೆ ಇಳಿದ್ರೆ ಮಹಡಿ ಹೊಸದಾಗಿ ಬರುತ್ತೆ. ಕಲ್ಲು ಒಡೀತಾ ಕೂರಬ್ಯಾಡ, ದಾರಿಗೆ ಅಡ್ಡ ಬಂದದ್ದು ಮಾತ್ರ. 71ರ ಕೆಳಗೆ ಇದಕ್ಕಂತ ಹೋಗಬ್ಯಾಡ, ಅಲ್ಲಿ ಅಸ್ಥಿಪಂಜರಗಳ ಕಾಟ, ಎಲುಬು ಎಸೀತಾವೆ. 500 ಡಸ್ಟ್ ಸ್ಪ್ರೈಟ್ ಹೊಡೆದ್ರೆ ಗಣಿ ಪಕ್ಕದ ಅಡ್ವೆಂಚರರ್ಸ್ ಗಿಲ್ಡ್‌ನಲ್ಲಿ ಬರ್ಗ್ಲರ್ ರಿಂಗ್ ಅನ್ನೋ ಉಂಗುರ ಸಿಗುತ್ತೆ, ಅದು ಕೈಗೆ ಬಂದ್ರೆ ಮುಂದೆ ಪ್ರಾಣಿಗಳಿಂದ ಬೀಳೋದೆಲ್ಲ ಜಾಸ್ತಿ. ಹೊಡೆದ ಒಂದೊಂದೂ ಲೆಕ್ಕಕ್ಕೆ ಬರುತ್ತೆ.

ಇದು ಸಾಲ್ದೇ ಇದ್ರೆ ಚಾರ್ಕೋಲ್ ಕಿಲ್ನ್, ಮರ ಸುಟ್ಟು ಕೋಲ್ ಮಾಡೋ ಗೂಡು. ಹತ್ತು ಮರಕ್ಕೆ ಒಂದು ಕೋಲ್. ಮೊದಲನೇ ವರ್ಷ ಬಡಗಿ ರಾಬಿನ್ ಹತ್ರ ಮರ 10 ರೇಟು, ಹಂಗಾದ್ರೆ ಕೋಲ್ ನೂರಕ್ಕೆ ಬಿತ್ತು, ಕ್ಲಿಂಟ್‌ಗಿಂತ 50 ಕಡಿಮೆ. ಎರಡನೇ ವರ್ಷದಿಂದ ಈ ಮಾತು ಮರೆತುಬಿಡು, ಮರ 50 ಆಗುತ್ತೆ, ಕ್ಲಿಂಟ್ ಕೋಲ್ 250 ಆಗುತ್ತೆ, ಕೊಂಡ ಮರ ಸುಟ್ರೆ 500ರ ಕೋಲ್. ಮತ್ತೆ ಕೋಳಿಗೂಡಿಗೆ 300, ಕೊಟ್ಟಿಗೆಗೆ 350 ಮರ ಬೇಕು. ಅದು ಎತ್ತಿಟ್ಟು ಮಿಕ್ಕಿದ್ದು ಮಾತ್ರ ಸುಡು.

ಫರ್ನೇಸ್ ಮನೆ ಮುಂದೆ ಯಾಕೆ ಇಟ್ಟಿದೀಯ? ನಾಲ್ಕು ಕಿತ್ತು ತಗೊಂಡು ಹೋಗಿ ಗಣಿ ಬಾಗಿಲೊಳಗೆ, ಲಿಫ್ಟ್ ಪಕ್ಕದ ಗೋಡೆಗೆ ಇಡು. ಪಕ್ಕದಲ್ಲೇ ಒಂದು ಪೆಟ್ಟಿಗೆ. ಮೇಲೆ ಬಂದಾಗಲೆಲ್ಲ ತುಂಬಿಸಿ ಇಳಿಯೋದು. ತಾಮ್ರ ಅರ್ಧ ಗಂಟೆ, ಕಬ್ಬಿಣ ಎರಡು ಗಂಟೆ, ಚಿನ್ನ ಐದು, ಇರಿಡಿಯಂ ಎಂಟು. ಹಗಲು ತಾಮ್ರ, ಕಬ್ಬಿಣ. ಮುಂದೆ ಚಿನ್ನ ಸಿಕ್ಕ ಮೇಲೆ, ರಾತ್ರಿ ಮನೆಗೆ ಹೋಗೋ ಮುಂಚೆ ಅದನ್ನ ಹಾಕಿ ಮಲಗು. ಬಾಗಿಲ ಹತ್ರ ಮಾತ್ರ ಇಡು, ಕೆಳಗಿನ ಮಹಡಿಯಲ್ಲಿ ಇಟ್ರೆ ಹೋದಂಗೆ. ನಂದು ಒಂದು ಪೆಟ್ಟಿಗೆ ಹಿಂಗೇ 35ನೇ ಮಹಡಿಯಲ್ಲಿ ಹೋತು, ಒಳಗೆ 60 ಅದಿರಿತ್ತು.

ಹೊತ್ತಿನ ವಿಷಯ. ಆಟದ ಒಂದು ದಿನ ಅಂದ್ರೆ ನಮ್ಮ ಸುಮಾರು 14 ನಿಮಿಷ ಅಷ್ಟೇ. ಲಿಫ್ಟ್ ಐದೈದು ಮಹಡಿಗೆ ನಿಲ್ಲುತ್ತೆ, 47ರಲ್ಲಿ ನಿಂತು ಮನೆಗೆ ಬಂದ್ರೆ ಮುಂದಿನ ಸಲ 45ರಿಂದಲೇ. ಐದರ ಮಗ್ಗಿ ಮುಟ್ಟೋ ಹಂಗಿದ್ರೆ ಮಾತ್ರ ಇಳಿ, ರಾತ್ರಿ ಹನ್ನೊಂದಾದ ಮೇಲೆ ಹೊಸ ಐದು ಶುರು ಮಾಡಬ್ಯಾಡ. ಎರಡು ಗಂಟೆಗೆ ಗಣಿಯಲ್ಲಿ ಬಿದ್ರೆ ದುಡ್ಡು ಹೋಗುತ್ತೆ, ಪ್ರಾಣಿ ಹೊಡೆದು ಬಿದ್ರೆ ಸಾಮಾನೂ ಹೋಗುತ್ತೆ. ಬೆಳಿಗ್ಗೆ ಆಟದ ಟಿವಿಯಲ್ಲಿ ಅದೃಷ್ಟ ಕೆಟ್ಟದಿದೆ ಅಂದ್ರೆ ಅವತ್ತು ಮರ ಕಡಿ, ಏಣಿ ಹುಡುಕೋಕೆ ಹೋಗಬ್ಯಾಡ.

ಊರಿನ ಕಮ್ಯುನಿಟಿ ಸೆಂಟರ್‌ನ ಬಾಯ್ಲರ್ ರೂಮ್‌ಗೆ ಕೊಡಬೇಕಾದ ಸಾಮಾನಿನ ಪಟ್ಟಿ (ಬಂಡಲ್) ಮರೆತಿದೀಯ ಅನ್ಸುತ್ತೆ, ಅದಕ್ಕೆ ಬೇಕಾದ ಫ್ರೋಜನ್ ಟಿಯರ್ ಹರಳು ನಿನ್ನ ಪೆಟ್ಟಿಗೆಯಲ್ಲಿ ಹಂಗೇ ಕಾಣ್ತೈತೆ. ಅದನ್ನ ಮಾರಬ್ಯಾಡ. ತಾಮ್ರ, ಕಬ್ಬಿಣ, ಚಿನ್ನದ ಒಂದೊಂದು ಬಾರ್ ಮೊದಲು ಅಲ್ಲಿಗೆ ಕೊಡು, ಆಮೇಲೆ ಉಳಿದ ಕೆಲಸ. ಆ ರೂಮ್ ಮುಗಿದ್ರೆ ಗಣಿ ಬಂಡಿ (ಮೈನ್‌ಕಾರ್ಟ್) ಓಡುತ್ತೆ, ಬಸ್ ಸ್ಟಾಪಿಂದ ಗಣಿಗೆ ಕಣ್ಣು ಮುಚ್ಚಿ ಬಿಡೋದ್ರೊಳಗೆ.

ಕಲ್ಲು ಮಾರೋರಿಗೂ ಒಂದು ಮಾತು, ಈ ಗುಂಪಲ್ಲಿ ಬಾಳ ಜನ ಮಾರ್ತೀರಿ. ಎರಡು ರೂಪಾಯಿ ಬರುತ್ತೆ ಅಂತ ಮಾರಬ್ಯಾಡ್ರಿ. 99 ಕಲ್ಲಿಗೆ ಒಂದು ಸ್ಟೇರ್‌ಕೇಸ್, ಏಣಿ ಹುಡುಕದೇ ಕೆಳಗಿನ ಮಹಡಿಗೆ ಇಳಿಯೋ ಮೆಟ್ಟಿಲು. ಮರುಭೂಮಿಯ ಗುಹೆ ಸ್ಕಲ್ ಕ್ಯಾವರ್ನ್‌ನಲ್ಲಿ ಲಿಫ್ಟೇ ಇಲ್ಲ, ಅಲ್ಲಿ ಈ ಮೆಟ್ಟಿಲೇ ಕೈ ಹಿಡಿಯೋದು. ಜೇಡ್ (ಹಸಿರು ಹರಳು) ಇದ್ರೆ ಭಾನುವಾರ ಮರುಭೂಮಿ ವ್ಯಾಪಾರಿ ಒಂದಕ್ಕೊಂದು ಮೆಟ್ಟಿಲು ಕೊಡ್ತಾನೆ, ಜೇಡ್‌ನೂ ಎತ್ತಿಡ್ರಿ.

ಮೈನಿಂಗ್ ಲೆವೆಲ್ 5ಕ್ಕೆ ಕಸುಬು ಆರಿಸು ಅಂತ ಕೇಳುತ್ತೆ, ಮೈನರ್ ತಗೋ, ಪ್ರತಿ ಅದಿರಿನ ಕಲ್ಲಿಗೆ ಒಂದು ಅದಿರು ಜಾಸ್ತಿ. 10ಕ್ಕೆ ಪ್ರಾಸ್ಪೆಕ್ಟರ್ ಅಂತ ಬರುತ್ತೆ, ಕೋಲ್ ಸಿಗೋದು ಹೆಚ್ಚಾಗುತ್ತೆ ಅಂತ. ಕೋಲ್ ಕೋಲ್ ಅಂತ ಇಷ್ಟು ಹೇಳಿದ ನಾನೇ ಅದು ಬ್ಯಾಡ ಅಂತೀನಿ. ಅಷ್ಟೊತ್ತಿಗೆ ಡಸ್ಟ್ ಸ್ಪ್ರೈಟ್ ಹೊಡೆಯೋದು ಕೈಗೆ ಕೂತಿರುತ್ತೆ. ಬ್ಲ್ಯಾಕ್‌ಸ್ಮಿತ್ ತಗೊಂಡ್ರೆ ಬಾರ್‌ಗೆ ಒಂದೂವರೆ ಪಟ್ಟು ರೇಟು.

ಆಟಕ್ಕೆ ಸಂಬಂಧ ಇಲ್ಲ ಅನ್ಕೋಬ್ಯಾಡ, ಕಂಪ್ಯೂಟರ್‌ನಲ್ಲಿ ಆಡೋರು ಯುಪಿಎಸ್ ಇಟ್ಕೊಳ್ರಿ. ಮಲಗಿದಾಗ ಮಾತ್ರ ಸೇವ್ ಆಗೋದು, ರಾತ್ರಿ ಹನ್ನೆರಡಕ್ಕೆ ಕರೆಂಟ್ ಹೋದ್ರೆ ಇಡೀ ದಿನ ಹೋತು. ಹೆಸರಿಲ್ಲದ ಅಗ್ಗದ್ದೊಂದು ತಂದಿದ್ದೆ, ಆರು ತಿಂಗಳಿಗೆ ಬ್ಯಾಟರಿ ಊದ್ಕೊಂತು. ಈಗ ಎಪಿಸಿ 600 ವಿಎ, ನಾಲ್ಕು ವರ್ಷ ಆತು, ನಂಗೆ ಅದೇ ಸರಿ.

ಈಗ ತುರ್ತು ಕೆಲಸ. ನಿನ್ನ ಹತ್ರ ಆರು ತಾಮ್ರದ ಬಾರ್ ಐತೆ, 2,600 ದುಡ್ಡೈತೆ, ನೀರಿನ ಕ್ಯಾನ್ ಇನ್ನೂ ಹಳೇದೇ. ಅದನ್ನ ತಾಮ್ರದ್ದು ಮಾಡಿಸೋಕೆ ಕ್ಲಿಂಟ್‌ಗೆ 15ಕ್ಕೆ ಕೊಡ್ತೀನಿ ಅಂತ ಬರ್ದಿದೀಯ. ಯಾಕೆ 15? ಸಮ್ಮರ್ 13 ಗುಡುಗು ಮಳೆ, ಪ್ರತಿ ವರ್ಷ ತಪ್ಪಲ್ಲ, 26ನೂ ಅಷ್ಟೇ. ಇವತ್ತು ಗಿಡಕ್ಕೆಲ್ಲ ನೀರು ಹಾಕಿ ಮುಗಿಸು, ಐದು ಬಾರ್, ಎರಡು ಸಾವಿರ ತಗೊಂಡು ಹೋಗಿ ಕ್ಯಾನ್ ಕೊಟ್ಟುಬಿಡು. ನಾಳೆ ಮಳೆನೇ ನೀರು ಹಾಕುತ್ತೆ, ನೀನು ದಿನಾ ಪೂರ್ತಿ 45ರಲ್ಲಿ ಕೋಲ್ ಹೊಡಿ. 14ಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆಗೀತಿದ್ದಂಗೆ ಕ್ಯಾನ್ ಇಸ್ಕೊಂಡು ಬಂದು ನೀರು ಹಾಕು, ಒಂದು ದಿನವೂ ಒಣಗಲ್ಲ. ಕ್ಲಿಂಟ್ ನಾಲ್ಕಕ್ಕೆ ಬಾಗಿಲು ಹಾಕ್ತಾನೆ. ಮೆನು ತೆಗೆದಿಟ್ಟು ಇದನ್ನ ಓದ್ತಿದ್ರೆ ಹೊತ್ತು ನಿಂತಿರುತ್ತೆ, ತೆಗೆದಿಲ್ಲ ಅಂದ್ರೆ ಮೊದ್ಲು ಹೋಗು, ಉಳಿದದ್ದು ಆಮೇಲೆ ಓದು.