ವ್ಯಾಕ್ಸ್ ಮಾಡಿಸಿದ ಮೇಲೆ ಕೂದಲು ಚರ್ಮದೊಳಗೇ ಬೆಳೆದು ಗುಳ್ಳೆ ಆಗುತ್ತಿದೆ, ಏನು ಮಾಡಲಿ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ವಯಸ್ಸು 22, ಹಾಸ್ಟೆಲ್‌ನಲ್ಲಿದ್ದೀರಿ, ಹದಿನೈದು ದಿನಕ್ಕೊಮ್ಮೆ ಕಾಲಿಗೆ ವ್ಯಾಕ್ಸ್ ಮಾಡಿಸುತ್ತೀರಿ. ವಾರ ಕಳೆಯುವಷ್ಟರಲ್ಲಿ ಮೀನಖಂಡದ ತುಂಬ ಕೆಂಪು ಗುಳ್ಳೆ. ಕೆಲವು ಕಡೆ ಕೂದಲು ಚರ್ಮದ ಕೆಳಗೇ ಕಪ್ಪಗೆ ಕಾಣುತ್ತದೆ. ಅದನ್ನು ಸೇಫ್ಟಿ ಪಿನ್ನಿನಲ್ಲಿ ಕೆದಕಿ ತೆಗೆಯುತ್ತೀರಿ, ಈಗ ಕಾಲ ಮೇಲೆ ಕಪ್ಪು ಚುಕ್ಕೆಗಳು ಉಳಿದುಕೊಂಡಿವೆ. "ಯಾರಾದ್ರೂ ಅಕ್ಕಂದಿರು ಹೇಳಿ, ವ್ಯಾಕ್ಸ್ ಬಿಟ್ಟು ರೇಜರ್ ಹಿಡೀಲಾ? ಕಲೆ ಹೋಗುತ್ತಾ?" ಅಂತ ಕೇಳಿದ್ದೀರಿ.

ನಾನು ದಾವಣಗೆರೆಯಲ್ಲಿ ಚಿಕ್ಕ ಪಾರ್ಲರ್ ನಡೆಸುತ್ತೇನೆ, 16 ವರ್ಷ ಆಯಿತು. ಡಾಕ್ಟರ್ ಅಲ್ಲ. ಆದರೆ ನೀವು ಹೇಳಿದಂಥ ಕಾಲುಗಳನ್ನು ಎಷ್ಟೋ ನೋಡಿದ್ದೇನೆ. ಕಾಲೇಜಿನಲ್ಲಿದ್ದಾಗ ನನ್ನ ಕಾಲೂ ಹೀಗೇ ಇತ್ತು, ನನ್ನ ಕೈಯಲ್ಲೂ ಪಿನ್ನು ಇತ್ತು.

ಮೊದಲು ಆ ಪಿನ್ನು ಕೆಳಗಿಡಿ. ಉಳಿದದ್ದೆಲ್ಲ ಆಮೇಲೆ.

ಒಳಗೆ ಸಿಕ್ಕಿಕೊಂಡ ಕೂದಲು ಚರ್ಮಕ್ಕೆ ಮುಳ್ಳು ಚುಚ್ಚಿದ ಹಾಗೆ. ನಮ್ಮದೇ ಕೂದಲು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಹೊರಗಿನಿಂದ ಏನೋ ನುಗ್ಗಿದೆ ಅಂತ ಸುತ್ತ ಊದಿಕೊಳ್ಳುತ್ತದೆ, ಕೆಂಪಾಗುತ್ತದೆ, ಒಮ್ಮೊಮ್ಮೆ ಕೀವೂ ತುಂಬುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆ ಅನ್ನುತ್ತಾರಲ್ಲ, ಇಲ್ಲಿ ಆ ಗಾದೆ ನಡೆಯುವುದಿಲ್ಲ. ಮುಳ್ಳಿಗೆ ಬೇರಿಲ್ಲ, ಕೂದಲಿಗಿದೆ. ನೀವು ಕೆದಕಿ ಕಿತ್ತರೂ ಅದೇ ಬೇರಿನಿಂದ ಇನ್ನೊಂದು ಬರುತ್ತದೆ. ಅದು ಬರುವ ಹೊತ್ತಿಗೆ ಮೇಲೆ ನೀವು ಮಾಡಿದ ಗಾಯ ಮಾಯುತ್ತಾ ದಪ್ಪ ಚರ್ಮ ಕೂಡಿರುತ್ತದೆ. ಹೊಸ ಕೂದಲಿಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ, ಮತ್ತೆ ಒಳಗೇ ತಿರುಗುತ್ತದೆ. ಒಂದೇ ಜಾಗದಲ್ಲಿ ಪದೇ ಪದೇ ಗುಳ್ಳೆ ಏಳುವುದಕ್ಕೆ ಇದೂ ಒಂದು ಕಾರಣ. ಕಪ್ಪು ಕಲೆಗಳಲ್ಲಿ ಬಹುಪಾಲು ಪಿನ್ನು ಮಾಡಿದ ಕೆಲಸ, ಕೂದಲು ಮಾಡಿದ್ದಲ್ಲ.

ಹಾಗಾದರೆ ಒಳಗಿರುವ ಕೂದಲನ್ನು ಏನು ಮಾಡುವುದು? ಒಂದು ಸಲ ನಡೆದದ್ದನ್ನೇ ಹೇಳುತ್ತೇನೆ. ಡಿಗ್ರಿ ಓದುವ ಹುಡುಗಿಯೊಬ್ಬಳು ಬಂದಿದ್ದಳು. ಮೊಣಕಾಲಿನಿಂದ ನಾಲ್ಕು ಬೆರಳು ಕೆಳಗೆ ಒಂದು ಗುಳ್ಳೆ. ಭೂತಗನ್ನಡಿ ಇರುವ ಲ್ಯಾಂಪ್ ಎಳೆದು ನೋಡಿದೆ. ತೆಳು ಚರ್ಮದ ಕೆಳಗೆ ಕೂದಲು ಸುತ್ತಿಕೊಂಡು ಕೂತಿತ್ತು, ಸೊಳ್ಳೆ ಬತ್ತಿಯ ಸುರುಳಿಯನ್ನು ಸಾಸಿವೆ ಕಾಳಿನಷ್ಟು ಚಿಕ್ಕದು ಮಾಡಿದ ಹಾಗೆ. "ಈಗಲೇ ತೆಗೆದುಬಿಡಿ ಆಂಟಿ" ಅಂದಳು. ನಾನು ಮುಟ್ಟಲಿಲ್ಲ. ದಿನಾ ರಾತ್ರಿ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಇಟ್ಟುಕೋ, ಆಮೇಲೆ ಅದೇ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಸುತ್ತ ತಿರುಗಿಸು, ಉಗುರು ತಾಗಿಸಬೇಡ ಅಂದೆ. ಆರನೇ ದಿನ ಬಂದಳು. ಸುರುಳಿಯ ಒಂದು ತುದಿ ಮೇಲೆದ್ದು ಅಲ್ಪವಿರಾಮದ ಹಾಗೆ ಕಾಣುತ್ತಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿದ ಪ್ಲಕ್ಕರ್‌ನಲ್ಲಿ ಆ ತುದಿಯನ್ನಷ್ಟೇ ಮೇಲಕ್ಕೆ ಎತ್ತಿದೆ. ಕೂದಲು ನಿಧಾನವಾಗಿ ಬಿಚ್ಚಿಕೊಂಡು ನೆಟ್ಟಗಾಯಿತು. ಕೀಳಲಿಲ್ಲ, ಹಾಗೇ ಬಿಟ್ಟೆ. ಮುಂದಿನ ವಾರ ಗುಳ್ಳೆ ಇಳಿದಿತ್ತು, ಚುಕ್ಕೆಯಷ್ಟೂ ರಕ್ತ ಬಂದಿರಲಿಲ್ಲ.

ತುದಿ ಹೊರಗೆ ಕಂಡರೆ ಮಾತ್ರ ಎತ್ತಬೇಕು. ಕಾಣದಿದ್ದರೆ ಕಾಯಬೇಕು, ಅಷ್ಟೇ.

ಈಗ ನಿಮಗೆ ಯಾಕೆ ಹೀಗಾಗುತ್ತಿದೆ ಅನ್ನುವುದು. ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು "ಹದಿನೈದು ದಿನಕ್ಕೊಮ್ಮೆ" ಅನ್ನುವ ಮಾತು. ಹದಿನೈದು ದಿನಕ್ಕೆ ಕಾಲಿನ ಕೂದಲು ವ್ಯಾಕ್ಸ್ ಹಿಡಿಯುವಷ್ಟು ಉದ್ದ ಬಂದಿರುವುದಿಲ್ಲ. ಕಡಿಮೆ ಅಂದರೂ 5ರಿಂದ 6 ಮಿಲಿಮೀಟರ್ ಬೇಕು. ಅಂದಾಜಿಗೆ ಒಂದು ಸೋನಾ ಮಸೂರಿ ಅಕ್ಕಿ ಕಾಳು ಇಟ್ಟು ನೋಡಿ, ಅಷ್ಟಿರಬೇಕು. ಅದಕ್ಕಿಂತ ಗಿಡ್ಡ ಇದ್ದರೆ ವ್ಯಾಕ್ಸಿಗೆ ಹಿಡಿತ ಸಿಗದೆ ಕೂದಲು ಬುಡದಿಂದ ಬರುವ ಬದಲು ಚರ್ಮದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ತುಂಡಾಗುತ್ತದೆ. ತುಂಡಾದ ಆ ಮೊನೆ ಮೇಲೆ ಬರುವಾಗ ತನ್ನ ರಂಧ್ರದ ಬಾಯಿ ಸಿಗದೆ ಪಕ್ಕದ ಗೋಡೆಗೆ ಚುಚ್ಚುತ್ತದೆ. ಗುಂಗುರು ಕೂದಲಿನವರಿಗೆ ಇದು ಇನ್ನೂ ಜಾಸ್ತಿ, ಕೂದಲು ಹುಟ್ಟುವಾಗಲೇ ಬಾಗಿರುತ್ತದಲ್ಲ. ಅವರಿಗೆ ಹೊರಗೆ ಬಂದ ಕೂದಲೂ ಬಾಗಿ ವಾಪಸ್ ಚರ್ಮದೊಳಕ್ಕೆ ಹೋಗಬಹುದು. ಗಂಡಸರಿಗೆ ದಿನಾ ಶೇವ್ ಮಾಡಿದರೆ ಕತ್ತಿನ ಮೇಲೆ ಬರುವ ಗುಳ್ಳೆಯೂ ಇದೇ ಜಾತಿಯದು.

ಇನ್ನೊಂದು ತಪ್ಪು ನಮ್ಮ ಕಸುಬಿನವರದು. ಪಟ್ಟಿ ಎಳೆಯುವ ರೀತಿ. ವ್ಯಾಕ್ಸನ್ನು ಕೂದಲು ಮಲಗಿರುವ ದಿಕ್ಕಿಗೇ ಸವರಬೇಕು, ಎಳೆಯುವುದು ಅದಕ್ಕೆ ಎದುರು. ಎಳೆಯುವಾಗ ಇನ್ನೊಂದು ಕೈಯಲ್ಲಿ ಚರ್ಮವನ್ನು ಬಿಗಿಯಾಗಿ ಹಿಡಿದಿರಬೇಕು. ಪಟ್ಟಿ ಚರ್ಮಕ್ಕೆ ಅಂಟಿದ ಹಾಗೇ, ನೆಲಕ್ಕೆ ಚಾಪೆ ಸುತ್ತುವ ಹಾಗೆ ಹಿಂದಕ್ಕೆ ಬರಬೇಕು. ಕೆಲಸ ಕಲಿಯುವ ಹುಡುಗಿಯರು ಅವಸರದಲ್ಲಿ ಪಟ್ಟಿಯನ್ನು ಸೀದಾ ಮೇಲಕ್ಕೆ ಎತ್ತಿಬಿಡುತ್ತಾರೆ. ಆಗ ಕೂದಲು ಮುರಿಯುತ್ತದೆ, ಚರ್ಮವೂ ಜಗ್ಗಿ ಕೆಂಪಾಗುತ್ತದೆ. ನಾನೂ ಮೊದಲ ವರ್ಷ ಹೀಗೇ ಎಳೆಯುತ್ತಿದ್ದೆ. ಪಟ್ಟಿಯ ಮೇಲೆ ಬಂದ ಕೂದಲನ್ನು ನೋಡಿ ತಿಳಿದುಕೊಂಡೆ. ಬುಡದಲ್ಲಿ ಬಿಳಿ ಗಂಟು ಕಂಡರೆ ಬೇರಿನಿಂದ ಬಂದಿದೆ. ಬರೀ ಕಪ್ಪು ತುಂಡು ಕಂಡರೆ ಮುರಿದಿದೆ. ನೀವೂ ಮುಂದಿನ ಸಲ ಪಟ್ಟಿ ತೋರಿಸಿ ಅಂತ ಕೇಳಿ ನೋಡಿ. ಸಂಕೋಚ ಬೇಡ, ದುಡ್ಡು ಕೊಡುತ್ತೀರಲ್ವಾ? ಒಂದೇ ಜಾಗದಲ್ಲಿ ಮೂರು ನಾಲ್ಕು ಸಲ ಪಟ್ಟಿ ಎಳೆಯಲು ಬಿಡಬೇಡಿ. ಎಲ್ಲರಿಗೂ ಬಳಸಿದ ಚಾಕುವನ್ನೇ ವ್ಯಾಕ್ಸ್ ಡಬ್ಬಿಗೆ ಮತ್ತೆ ಮತ್ತೆ ಅದ್ದುವ ಕಡೆ ಹೋಗಲೂಬೇಡಿ.

ಆದರೆ ಸದ್ಯಕ್ಕೆ ಒಂದೂವರೆ ತಿಂಗಳು ಎಲ್ಲ ನಿಲ್ಲಿಸಿ. ವ್ಯಾಕ್ಸ್, ರೇಜರ್, ಎಪಿಲೇಟರ್ ಅನ್ನುವ ಕೂದಲು ಕೀಳುವ ಮೆಶಿನ್, ಕೂದಲು ತೆಗೆಯುವ ಕ್ರೀಮ್, ಪ್ಲಕ್ಕರ್ ಹಿಡಿದು ಕೀಳುವುದು ಯಾವುದೂ ಬೇಡ. ಕಷ್ಟ ಅನ್ನಿಸುತ್ತದೆ, ನನಗೆ ಗೊತ್ತು. ಹಾಸ್ಟೆಲ್‌ನಲ್ಲಿ ಯಾರಾದರೂ ನೋಡುತ್ತಾರೆ ಅನ್ನುವ ಮುಜುಗರವೂ ಇರುತ್ತದೆ. ಆದರೆ ಕೂದಲು ಉದ್ದ ಬೆಳೆದರೆ ಒಳಗೆ ಸಿಕ್ಕಿಕೊಂಡದ್ದರಲ್ಲಿ ಬಹಳಷ್ಟು ತಾನಾಗಿಯೇ ಬಿಡಿಸಿಕೊಂಡು ಹೊರಗೆ ಬರುತ್ತದೆ. ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಇದೇ. ಲೆಗ್ಗಿಂಗ್ಸ್, ಬಿಗಿ ಜೀನ್ಸ್ ಬದಲು ಸಡಿಲ ಕಾಟನ್ ಪ್ಯಾಂಟ್ ಹಾಕಿ. ಬಟ್ಟೆ ಉಜ್ಜಿದರೂ ಹೊರಗೆ ಬರುತ್ತಿರುವ ತುದಿ ಮತ್ತೆ ಒಳಗೆ ಮಡಚುತ್ತದೆ.

ಸ್ನಾನ ಆದ ಮೇಲೆ ಕಾಲು ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಶೇಕಡ 10 ಯೂರಿಯಾ ಇರುವ ಲೋಶನ್ ಸಿಕ್ಕರೆ ಒಳ್ಳೆಯದು, ಗಟ್ಟಿ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಗುಳ್ಳೆಯ ಕೆಂಪು ಸ್ವಲ್ಪ ಇಳಿದ ಮೇಲೆ, ವಾರಕ್ಕೆ ಎರಡು ಮೂರು ರಾತ್ರಿ ಶೇಕಡ 2 ಸ್ಯಾಲಿಸಿಲಿಕ್ ಆ್ಯಸಿಡ್ ಇರುವ ಲೋಶನ್ ಹಚ್ಚಬಹುದು. ಅದು ರಂಧ್ರದ ಬಾಯಲ್ಲಿ ಕೂತ ಸತ್ತ ಚರ್ಮವನ್ನು ಬಿಡಿಸುತ್ತದೆ. ಕೆದಕಿ ಗಾಯ ಆದ ಜಾಗಕ್ಕೆ ಮಾತ್ರ ಹಚ್ಚಬೇಡಿ, ಉರಿ ತಡೆಯಲಾಗುವುದಿಲ್ಲ.

ಇಲ್ಲಿ ಸ್ಕ್ರಬ್ ವಿಷಯ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಮೊದಲು ಅದನ್ನೇ ಹೇಳುತ್ತಾರೆ. ಗುಳ್ಳೆ ಇರುವ ಕಾಲನ್ನು ಸಕ್ಕರೆ, ಕಾಫಿ ಪುಡಿ, ಕಲ್ಲು, ಹೀರೇಕಾಯಿ ನಾರು ಹಾಕಿ ತಿಕ್ಕಬೇಡಿ. ಗುಳ್ಳೆ ಹೋದ ಮೇಲೆ, ಮುಂದೆ ಬಾರದಿರಲಿ ಅಂತ ವಾರಕ್ಕೊಮ್ಮೆ ಕಡಲೆಹಿಟ್ಟಿನಲ್ಲಿ ಹಗುರವಾಗಿ ಉಜ್ಜಿದರೆ ಸಾಕು. ನಿಂಬೆಹಣ್ಣು, ಅಡುಗೆ ಸೋಡಾ ಎರಡೂ ಬೇಡ. ನಿಂಬೆರಸ ಹಚ್ಚಿದ ಚರ್ಮಕ್ಕೆ ಬಿಸಿಲು ತಾಗಿದರೆ ಬೊಬ್ಬೆ ಎದ್ದು ಇನ್ನೂ ಕಪ್ಪಾಗಬಹುದು. ಕಲೆ ತೆಗೆಯಲು ಹೋಗಿ ಕಲೆ ತಂದುಕೊಂಡವರನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಲೋಳೆಸರ ಹಚ್ಚಿ, ತಂಪಾಗುತ್ತದೆ. ಕೆಲವರಿಗೆ ಅದೂ ತುರಿಸುತ್ತದೆ, ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ಇದಕ್ಕಿಂತ ಅಪಾಯದ್ದು ಮೆಡಿಕಲ್ ಶಾಪಿನ ಕ್ರೀಮ್. "ಗುಳ್ಳೆಗೆ ಏನಾದ್ರೂ ಕೊಡಿ" ಅಂದರೆ ಸ್ಟೀರಾಯ್ಡ್, ಆ್ಯಂಟಿಬಯೋಟಿಕ್, ಹುಳಕಡ್ಡಿಯ ಔಷಧಿ ಎಲ್ಲ ಸೇರಿಸಿದ ಒಂದು ಟ್ಯೂಬ್ ಕೈಗಿಡುತ್ತಾರೆ. ಎರಡು ದಿನದಲ್ಲಿ ಕೆಂಪು ಮಾಯ. ಬಿಟ್ಟರೆ ಮತ್ತೆ ಬರುತ್ತದೆ, ಮತ್ತೆ ಹಚ್ಚುತ್ತೀರಿ. ಹೀಗೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ತೊಡೆಸಂದು ಕಂಕುಳಲ್ಲಾದರೆ ಗೀರು ಗೀರಾಗಿ ಉಳಿದುಬಿಡುತ್ತದೆ. ಹೀಗೆ ಹಾಳಾಗುವುದು ಜಾಸ್ತಿಯಾಗಿದ್ದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಬಿಗಿ ಮಾಡಿತು. ಆದರೂ ಕೇಳಿದರೆ ಸಿಗುತ್ತದೆ. ನೀವು ಕೇಳಬೇಡಿ.

ಇನ್ನು ರೇಜರ್. ಹಿಡಿಯಬಹುದು. ಬೋಳಿಸಿದರೆ ಕೂದಲು ದಪ್ಪ ಬರುತ್ತದೆ ಅಂತ ನಿಮ್ಮ ರೂಮ್‌ಮೇಟ್ ಹೇಳಿದ್ದು ಸುಳ್ಳು. ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಎಂಬ ವಿಜ್ಞಾನಿ 1928ರಲ್ಲೇ ಇದನ್ನು ಪರೀಕ್ಷೆ ಮಾಡಿ, ಶೇವ್ ಮಾಡಿದ್ದರಿಂದ ಕೂದಲಿನ ದಪ್ಪವಾಗಲಿ ಬಣ್ಣವಾಗಲಿ ಬದಲಾಗುವುದಿಲ್ಲ ಅಂತ ತೋರಿಸಿದರು. ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಅನ್ನಿಸುತ್ತದೆ, ಅಷ್ಟೇ. ಆದರೆ ರೇಜರ್‌ನಿಂದಲೂ ಕೂದಲು ಒಳಗೆ ಸಿಕ್ಕಿಕೊಳ್ಳುತ್ತದೆ, ಅದರಲ್ಲೂ ನಾಲ್ಕೈದು ಬ್ಲೇಡಿನ ರೇಜರ್‌ನಿಂದ. ಮೊದಲ ಬ್ಲೇಡು ಕೂದಲನ್ನು ಎತ್ತಿ ಹಿಡಿಯುತ್ತದೆ, ಹಿಂದಿನದು ಕತ್ತರಿಸುತ್ತದೆ, ಉಳಿದ ತುಂಡು ಚರ್ಮದ ಮಟ್ಟಕ್ಕಿಂತ ಕೆಳಗೆ ಜಾರುತ್ತದೆ. ನುಣ್ಣಗಾಯಿತು ಅಂತ ನಮಗೆ ಖುಷಿ, ಒಳಗೆ ಮೊನೆ ಕಾಯುತ್ತಾ ಕೂತಿರುತ್ತದೆ. ಒಂದೇ ಬ್ಲೇಡಿನದು ತಗೊಳ್ಳಿ. ಸ್ನಾನದ ಕೊನೆಗೆ, ಬಿಸಿನೀರಿಗೆ ಕೂದಲು ಮೆತ್ತಗಾದ ಮೇಲೆ, ಜೆಲ್ ಹಚ್ಚಿ, ಕೂದಲು ಮಲಗಿರುವ ದಿಕ್ಕಿಗೇ ಹಗುರವಾಗಿ ಎಳೆಯಿರಿ. ವ್ಯಾಕ್ಸಿಗೆ ಚರ್ಮ ಬಿಗಿ ಹಿಡಿಯಿರಿ ಅಂದೆ, ರೇಜರ್‌ಗೆ ಬಿಗಿ ಹಿಡಿಯಬೇಡಿ. ಹಾಸ್ಟೆಲ್‌ನಲ್ಲಿ ರೇಜರ್ ಯಾರಿಗೂ ಕೊಡಬೇಡಿ, ಯಾರದೂ ಪಡೆಯಬೇಡಿ. ನಿಜ ಹೇಳಬೇಕೆಂದರೆ ನಿಮ್ಮಂಥ ಚರ್ಮಕ್ಕೆ ಎಲ್ಲಕ್ಕಿಂತ ಹಿತ ಟ್ರಿಮ್ಮರ್. ಒಂದು ಮಿಲಿಮೀಟರ್ ಕೂದಲು ಉಳಿಯುತ್ತದೆ, ಒಳಗೆ ಸಿಕ್ಕಿಕೊಳ್ಳುವ ಮಾತೇ ಇರುವುದಿಲ್ಲ ಅನ್ನಬಹುದು.

ಕೂದಲು ತೆಗೆಯುವ ಕ್ರೀಮ್ ಕೆಲವರಿಗೆ ಒಗ್ಗುತ್ತದೆ. ಅದು ಕೂದಲನ್ನು ಕರಗಿಸುವ ತೀಕ್ಷ್ಣ ಕ್ಷಾರ, ಪೊಟ್ಟಣದ ಮೇಲೆ ಬರೆದ ನಿಮಿಷಕ್ಕಿಂತ ಒಂದು ನಿಮಿಷವೂ ಜಾಸ್ತಿ ಇಡಬಾರದು. ಲೇಸರ್ ನಮ್ಮ ಮೈಬಣ್ಣಕ್ಕೂ ಮಾಡಬಹುದು, 1064 ನ್ಯಾನೋಮೀಟರ್‌ನ ಎನ್‌ಡಿ ಯಾಗ್ ಎಂಬ ಲೇಸರ್ ಕಂದು ಚರ್ಮಕ್ಕೆ ಸುರಕ್ಷಿತ ಅನ್ನುತ್ತಾರೆ ಡಾಕ್ಟರುಗಳು. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಆರೇಳು ಸಲ ಹೋಗಬೇಕು. ಮಾಡಿಸಿದರೆ ಚರ್ಮದ ಡಾಕ್ಟರ್ ಹತ್ತಿರವೇ ಮಾಡಿಸಿ.

ನೀವು ಕಳಿಸಿದ ವಿವರದಲ್ಲಿ "ತೋಳಿನ ಹಿಂಭಾಗದಲ್ಲೂ ಒರಟು ಚುಕ್ಕೆ ಇದೆ" ಅಂತ ಇದೆ. ಅಲ್ಲಿ ವ್ಯಾಕ್ಸ್ ಮಾಡಿಸದಿದ್ದರೂ ಮೊದಲಿನಿಂದ ಇದ್ದರೆ ಅದು ಬಹುಶಃ ಬೇರೆ. ರಂಧ್ರದ ಬಾಯಿಗೆ ಚರ್ಮದ ಪುಟ್ಟ ಬಿರಡೆ ಕಟ್ಟುವ ಗುಣ ಕೆಲವರಿಗೆ ಮನೆತನದಿಂದ ಬರುತ್ತದೆ. ಅಪಾಯ ಇಲ್ಲ, ಅದೇ ಯೂರಿಯಾ ಲೋಶನ್ ಸಾಕು.

ಡಾಕ್ಟರ್ ಹತ್ತಿರ ಹೋಗಲೇಬೇಕಾದದ್ದು ಯಾವಾಗ ಅಂದರೆ, ಗುಳ್ಳೆ ಕುರುವಿನಷ್ಟು ದೊಡ್ಡದಾಗಿ ಮುಟ್ಟಿದರೆ ಬಿಸಿ ಇದ್ದು ನೋಯುತ್ತಿದ್ದರೆ, ಜ್ವರ ಬಂದರೆ, ಕೆಂಪು ಸುತ್ತ ಹರಡುತ್ತಾ ಹೋದರೆ. ಕಂಕುಳು, ತೊಡೆಸಂದಿನಲ್ಲಿ ಗಂಟು ಎದ್ದು ಒಡೆದು ಮತ್ತೆ ಮತ್ತೆ ಅಲ್ಲೇ ಬರುತ್ತಿದ್ದರೆ ಅದನ್ನು ಕೂದಲಿನ ಗುಳ್ಳೆ ಅಂತ ಸುಮ್ನೆ ಬಿಡಬೇಡಿ, ಅದು ಬೇರೆಯೇ ಚರ್ಮರೋಗ ಇರಬಹುದು, ಬೇಗ ಔಷಧಿ ಶುರುವಾಗಬೇಕು. ಗದ್ದದ ಮೇಲೆ ದಪ್ಪ ಕೂದಲು ಹೊಸದಾಗಿ ಬರುತ್ತಿದ್ದು, ಮುಟ್ಟೂ ಏರುಪೇರಾಗಿದ್ದರೆ ಪಿಸಿಒಡಿ, ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ, ಇದೆಯಾ ಅಂತ ಪರೀಕ್ಷೆ ಮಾಡಿಸಿ. ಮೊಡವೆಗೆ ಮಾತ್ರೆ ಅಥವಾ ರಾತ್ರಿ ಹಚ್ಚುವ ರೆಟಿನಾಯ್ಡ್ ಕ್ರೀಮ್ ನಡೆಯುತ್ತಿದ್ದರೆ ಪಾರ್ಲರಿನಲ್ಲಿ ಮೊದಲೇ ಹೇಳಿ. ಅಂಥ ಚರ್ಮ ವ್ಯಾಕ್ಸ್ ಜೊತೆ ಕಿತ್ತು ಬರಬಹುದು.

ಕಲೆ ಹೋಗುತ್ತಾ ಅಂದಿರಲ್ಲ. ಹೋಗುತ್ತದೆ, ಆದರೆ ನಮ್ಮ ಮೈಬಣ್ಣಕ್ಕೆ ತಿಂಗಳುಗಳೇ ಬೇಕು. ಬಿಸಿಲಿಗೆ ಕಾಲು ತೆರೆದಿದ್ದರೆ ಸನ್‌ಸ್ಕ್ರೀನ್ ಹಚ್ಚಿ, ಇಲ್ಲದಿದ್ದರೆ ಮುಚ್ಚಿಕೊಳ್ಳಿ. ನನ್ನ ಕಾಲಿನದು ಮಾಸಲು ಒಂದು ವರ್ಷ ಹಿಡಿಯಿತು. ಪಾದದ ಗಂಟಿನ ಮೇಲೆ ಎರಡು ಕಡೆ ತುಂಬ ಆಳಕ್ಕೆ ಚುಚ್ಚಿದ್ದೆ, ಅಲ್ಲಿ ಮಾತ್ರ ಸಣ್ಣ ಗುಳಿ ಈಗಲೂ ಇದೆ.

ಇವತ್ತು ಹಗಲು ಬೆಳಕಿನಲ್ಲಿ ಕಾಲಿನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ದಿನಾ ನೋಡಿಕೊಂಡರೆ ಏನೂ ಬದಲಾಗಿಲ್ಲ ಅನ್ನಿಸಿ ಮತ್ತೆ ಪಿನ್ನು ಹುಡುಕುತ್ತೀರಿ. ಆರು ವಾರ ಬಿಟ್ಟು ಅದೇ ಜಾಗದ್ದು ಇನ್ನೊಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಕಡಿಮೆ ಆಗದೆ ಉಳಿದ ಜಾಗ ಯಾವುದು ಅಂತ ಇದೇ ಉತ್ತರದ ಕೆಳಗೆ ಬರೆಯಿರಿ, ಪಾರ್ಲರ್ ಬಾಗಿಲು ಹಾಕಿದ ಮೇಲೆ ರಾತ್ರಿ ಕೂತು ಉತ್ತರ ಬರೆಯುತ್ತೇನೆ.